ಎಡಗೈ ಎಲ್ಲಿ ಹೋತ್ರಿ, ಅಕ್ಕೋರ?

ನಮ್ಮ ಮನೆಯ ಸ್ಟೀಲಿನ ಲೋಟಗಳಲ್ಲಿ ಎರಡು ಸೊಟ್ಟಗಾಗಿವೆ. ನೆಲದ ಮೇಲೆ ಇಟ್ಟರೆ ನೆಟ್ಟಗೆ ನಿಲ್ಲುವುದಿಲ್ಲ. ಮನೆಗೆ ಬಂದವರು 'ಇದ್ಯಾಕ್ರಿ ಹಿಂಗಾಗೇತಿ' ಎಂದು ಕೇಳಿಯೇ ಕೇಳುತ್ತಾರೆ. 'ಕುದುರಿ ತುಳದೈತ್ರಿ' ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ. ಆ ಲೋಟಗಳನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಸೆದುಬಿಡೋಣವೆಂದರೆ ಅವ್ವ ಬಿಡುವುದಿಲ್ಲ. 'ಇರಲಿ ಬಿಡು, ನಿನ್ನ ಸರ್ಟಿಫಿಕೇಟ್ ಅವು' ಎನ್ನುತ್ತಾಳೆ.

ಐವತ್ತೆರಡು ವರ್ಷ ಈ ಎರಡು ಕೈಗಳ ಜೊತೆ ಬಾಳಿದ್ದೇನೆ. ಇವುಗಳಿಂದ ರೊಟ್ಟಿ ಬಡಿದಿದ್ದೇನೆ, ಬೋರ್ಡಿನ ಮೇಲೆ ನಕಾಶೆ ಬರೆದಿದ್ದೇನೆ, ಉತ್ತರ ಪತ್ರಿಕೆಗಳ ಗುಡ್ಡ ತಿದ್ದಿದ್ದೇನೆ, ಎಂಟನೇ ಇಯತ್ತೆಯ ಬಿ ವಿಭಾಗವನ್ನು ಒಂದೇ ಬೆರಳು ಎತ್ತಿ ಸುಮ್ಮನಾಗಿಸಿದ್ದೇನೆ. ನನ್ನ ಕೈ ನನ್ನ ಮಾತು ಕೇಳುತ್ತವೆ ಎಂದೇ ನಂಬಿದ್ದೆ. ನಿಮಗೂ ಹಾಗೇ ಅನ್ನಿಸಿರಬಹುದು. ಒಮ್ಮೆ ಕುದುರೆಯ ಮೇಲೆ ಕೂತು ನೋಡಿ, ತಿಳಿಯುತ್ತದೆ. ಕೈ ನಿಮ್ಮವಲ್ಲ. ಬೇರೆ ಯಾರದೋ ಮಾತು ಕೇಳಿಕೊಂಡು ಇಷ್ಟು ದಿನ ನಿಮ್ಮ ಮೈಗೆ ಅಂಟಿಕೊಂಡಿದ್ದವು, ಅಷ್ಟೆ.

ನಾನು ಸಂಶಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನನ್ನ ಮದುವೆಯ ಮಾತನ್ನು ಊರವರು ಆಡಿ ಆಡಿ ದಣಿದು ಕೈಬಿಟ್ಟು ಇಪ್ಪತ್ತು ವರ್ಷವಾಯಿತು. ದಿನಾ ಸ್ಕೂಟಿಯ ಮೇಲೆ ಶಾಲೆಗೆ ಹೋಗುವ ದಾರಿಯಲ್ಲಿ ಇಮಾಮಸಾಬ ಕಾಕಾ ಅವರ ಮನೆ ಸಿಗುತ್ತದೆ. ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಅವರ ಬಿಳಿ ಕುದುರೆ ನಿಂತಿರುತ್ತದೆ. ಹೆಸರು ಬಿಜಲಿ, ಅಂದರೆ ಮಿಂಚು. ಹೆಸರು ಇಟ್ಟವರು ಆಮೇಲೆ ಅವಳ ನಡಿಗೆಯನ್ನು ನೋಡಿದಂತಿಲ್ಲ. ನೊಣ ಓಡಿಸಲು ಬಾಲ ಎತ್ತಬೇಕಾದರೂ ಎರಡು ಸಲ ವಿಚಾರ ಮಾಡುವ ಪ್ರಾಣಿ ಅದು.

ಕಾಕಾ ಅವರ ಮನೆತನದವರು ಮೂರು ತಲೆಮಾರಿನಿಂದ ಮದುಮಕ್ಕಳನ್ನು ಕುದುರೆಯ ಮೇಲೆ ಮೆರೆಸಿಕೊಂಡು ಬಂದವರು. ಹಿಂದೂ ಮದುವೆ, ಮುಸಲ್ಮಾನರ ಮದುವೆ, ಯಾವುದೇ ಇರಲಿ, ಸುತ್ತಲಿನ ಹತ್ತು ಹಳ್ಳಿಯ ಗಂಡುಗಳೆಲ್ಲ ಇವರ ಕುದುರೆಯ ಮೇಲೆ ಕೂತು ಬೆವತವರೇ. ಈಗ ಮದುಮಗ ಹೂವಿನ ಜೀಪಿನಲ್ಲಿ ಬರುತ್ತಾನೆ, ಹಿಂದೆ ಎದೆ ನಡುಗಿಸುವ ಡಿಜೆ ಬರುತ್ತದೆ. ಆದರೂ ಬಿಜಲಿ ಮದುವೆ ಬಿಟ್ಟದ್ದು ಡಿಜೆಯ ಕಾರಣಕ್ಕಲ್ಲ. ಅವಳ ಕೊನೆಯ ಮದುವೆಯಲ್ಲಿ ಮದುಮಗನ ಗೆಳೆಯನೊಬ್ಬ ವಿಡಿಯೋಕ್ಕಾಗಿ ಕುದುರೆಯನ್ನು ಕುಣಿಸಲು ಹೋಗಿ ಲಗಾಮು ಹಿಡಿದು ಜಗ್ಗಿದ. ಬಾಯಿಯೊಳಗಿನ ಕಬ್ಬಿಣ ಕೊರೆದು ತುಟಿಯ ಅಂಚು ಹರಿಯಿತು. ಎರಡು ತಿಂಗಳು ಕಾಕಾ ಅವಳಿಗೆ ಕಡಲೆ ನೆನೆಸಿ, ರುಬ್ಬಿ, ಅಂಗೈಯಲ್ಲಿ ಹಿಡಿದು ತಿನ್ನಿಸಿದರಂತೆ. ಆಮೇಲೆ ಮೆರವಣಿಗೆಯಲ್ಲಿ ಅವಳ ಬೆನ್ನಿಗೆ ಹೊದಿಸುವ ಜರಿಯ ಜೂಲನ್ನು ಮಡಿಚಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು.

ಇಂಥವರ ಮುಂದೆ ಹೋಗಿ ನಿಂತು ನಾನು, 'ಕಾಕಾ, ನನಗ ಕುದುರಿ ಹತ್ತೂದ ಕಲಿಸ್ತೀರೇನ್ರಿ' ಎಂದು ಕೇಳಿದೆ. ಯಾಕೆ ಕೇಳಿದೆ ಎಂದರೆ ನನ್ನ ಹತ್ತಿರ ದೊಡ್ಡ ಕಾರಣವೇನೂ ಇಲ್ಲ. ಹತ್ತು ವರ್ಷ ದಿನಾ ಮುಂಜಾನೆ ಆ ಕುದುರೆ ನನ್ನನ್ನು, ನಾನು ಆ ಕುದುರೆಯನ್ನು ನೋಡಿದ್ದೆವು. ಒಂದು ದಿನ ಸ್ಕೂಟಿ ತಾನಾಗಿ ನಿಂತಿತು. ಪೆಟ್ರೋಲ್ ಮುಗಿದಿತ್ತು ಎಂಬುದು ಬೇರೆ ಮಾತು.

ನನ್ನ ವಯಸ್ಸನ್ನೋ ತೂಕವನ್ನೋ ನೋಡಿ ಬೇಡವೆಂದಾರು ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ತಯಾರಿತ್ತು. ಕಾಕಾ ಅವೆರಡನ್ನೂ ಬಿಟ್ಟು, 'ಕೈ ತೋರಸ್ರಿ' ಅಂದರು. ನಾವು ಸೋಮವಾರ ಮಕ್ಕಳ ಉಗುರು ನೋಡುತ್ತೇವಲ್ಲ, ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

'ಕೂಡೂದು ಯಾರಿಗರ ಬರತೈತ್ರಿ ಅಕ್ಕೋರ. ಕೈ ಬರಬೇಕು. ನನ್ನ ಬಿಜಲಿ ಬಾಯಿ ನಿಮ್ಮ ಕೈಯಾಗ ಕೊಡತೀನಿ. ಒಂದ ಸಲ ಕೆಂಪಾತಂದ್ರ ಮಾಫ್. ಎರಡನೇ ಸಲ ಕೆಂಪಾತಂದ್ರ ಇಳದಬಿಡಬೇಕು. ಆಮ್ಯಾಲೆ ಬಂದು ಕೇಳಬಾರದು.'

ನಾನು ಒಪ್ಪಿಕೊಂಡೆ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎಂದು ಮರ್ಯಾದೆ ಕೊಟ್ಟೇ ಮಾತಾಡಿಸುತ್ತಾರೆ. ಆ ಮರ್ಯಾದೆಯ ಒಳಗೆ ಎಷ್ಟು ಬೈಗುಳ ತುಂಬಬಹುದು ಎಂಬುದು ನನಗೆ ಮುಂದಿನ ವಾರದಿಂದ ತಿಳಿಯಿತು.

ಪಾಠ ಬಹಳ ಸುಲಭದ್ದು. ಎರಡು ಕೈಯಲ್ಲಿ ಲಗಾಮಿನ ಎರಡು ಎಳೆ. ಎರಡೂ ಕೈ ಜೀನಿನ ಮುಂದೆ, ಒಂದೇ ಮಟ್ಟದಲ್ಲಿ. ಮುಷ್ಟಿ ನೆಟ್ಟಗೆ, ಹೆಬ್ಬೆರಳು ಮೇಲೆ. 'ಎರಡ ಕೈಯಾಗ ಎರಡ ಗ್ಲಾಸ್ ಬಿಸಿ ಚಾ ಹಿಡದಂಗ ಹಿಡೀರಿ. ಬಿಗಿ ಹಿಡದ್ರ ಸುಡತೈತಿ, ಸಡ್ಲ ಬಿಟ್ರ ಚೆಲ್ಲತೈತಿ' ಎಂದರು ಕಾಕಾ. ಇದನ್ನು ಕೇಳಿಕೊಂಡು ನಾನು ಮನಸ್ಸಿನಲ್ಲೇ ಅಷ್ಟೇನಾ ಎಂದುಕೊಂಡೆ. ಎಂಟನೇ ಬಿ ವಿಭಾಗದ ಮಕ್ಕಳಿಗೂ ನನ್ನ ಪ್ರಶ್ನೆ ಪತ್ರಿಕೆ ನೋಡಿದಾಗ ಹಾಗೇ ಅನ್ನಿಸುತ್ತದೆ.

ಮೊದಲ ದಿನವೇ ನನ್ನ ಕೈಗಳು ಮಗುಚಿಕೊಂಡವು. ಅಂಗೈ ಕೆಳಗೆ, ಬೆರಳು ಚಪ್ಪಟೆ. ನೆಟ್ಟಗೆ ಮಾಡಿದರೆ ನಾಲ್ಕು ಹೆಜ್ಜೆ ಇರುತ್ತಿದ್ದವು, ಐದನೆಯ ಹೆಜ್ಜೆಗೆ ಮತ್ತೆ ಮಲಗುತ್ತಿದ್ದವು. 'ಅಕ್ಕೋರ, ಅದು ಕುದುರಿ ಐತ್ರಿ, ಹಿಟ್ಟಲ್ಲ. ರೊಟ್ಟಿ ಬಡಿಯೂದ ಬಿಡ್ರಿ' ಎಂದು ಕಾಕಾ ಕೂಗಿದರು. ಆ ದೋಷಕ್ಕೆ ರೊಟ್ಟಿಗೈ ಎಂದು ಹೆಸರಾಯಿತು. ಅದು ಹತೋಟಿಗೆ ಬರುವಷ್ಟರಲ್ಲಿ ಸ್ಕೂಟಿಗೈ ಶುರುವಾಯಿತು. ಬಿಜಲಿ ಬೇಗ ನಡೆಯಲಿ ಅನ್ನಿಸಿದಾಗಲೆಲ್ಲ ನನ್ನ ಬಲ ಮಣಿಕಟ್ಟು ತಾನಾಗಿ ಹಿಂದಕ್ಕೆ ಹೊರಳಿ ಎಕ್ಸಲೇಟರ್ ಕೊಡುತ್ತಿತ್ತು. ಹೆದರಿಕೆಯಾದರೆ ಎರಡೂ ಕೈಯ ಬೆರಳು ಇಲ್ಲದ ಬ್ರೇಕನ್ನು ಹುಡುಕುತ್ತಿದ್ದವು. ಎಕ್ಸಲೇಟರ್ ಕೊಟ್ಟರೆ ಕುದುರೆಗೆ ಏನು ತಿಳಿಯಬೇಕು? ಬಾಯಿ ಜಗ್ಗಿದಂತಾಗಿ ಅದು ನಿಲ್ಲುತ್ತಿತ್ತು. ನಿಂತದ್ದಕ್ಕೆ ನಾನು ಇನ್ನಷ್ಟು ಎಕ್ಸಲೇಟರ್ ಕೊಡುತ್ತಿದ್ದೆ. ಅದು ಹಿಂದಕ್ಕೆ ನಡೆಯುತ್ತಿತ್ತು. ಹೀಗೆ ನಾವಿಬ್ಬರೂ ಒಂದು ಮುಂಜಾನೆ ಕಾಕಾ ಅವರ ಹಿತ್ತಲ ತನಕ ಹಿಮ್ಮುಖವಾಗಿ ಪ್ರವಾಸ ಮಾಡಿದೆವು.

ಲೋಟದ ಕತೆ ಆಮೇಲಿನದು. ಬಾಯಿಮಾತಿನ ಗ್ಲಾಸಿನಿಂದ ಉಪಯೋಗವಿಲ್ಲವೆಂದು ಕಾಕಾ ನಿಜವಾದ ಲೋಟ ತರಲು ಹೇಳಿದರು. ಲಗಾಮನ್ನು ತಾವೇ ಹಿಡಿದು ಬಿಜಲಿಯನ್ನು ನಡೆಸುತ್ತ, ನನ್ನ ಎರಡೂ ಕೈಗೆ ನೀರು ತುಂಬಿದ ಎರಡು ಲೋಟ ಕೊಟ್ಟರು. ಚೆಲ್ಲದಂತೆ ರಸ್ತೆಯ ತನಕ ಹೋಗಿ ಬರಬೇಕು. ಹೋಗುವಾಗ ಒಂದು ಹನಿಯೂ ಚೆಲ್ಲಲಿಲ್ಲ. ರಸ್ತೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ, 'ನಮಸ್ಕಾರ್ರಿ ಅಕ್ಕೋರ' ಅಂದ. ಮೂವತ್ತು ವರ್ಷ ಪಾಠ ಮಾಡಿದ ಶಿಕ್ಷಕಿಯ ಕೈ. ನಮಸ್ಕಾರ ಎಂಬ ಶಬ್ದ ಕಿವಿಗೆ ಬಿದ್ದರೆ ಎರಡೂ ಒಂದಾಗಿಬಿಡುತ್ತವೆ. ಒಂದಾದವು. ನೀರು ಬಿಜಲಿಯ ಕಿವಿಯೊಳಗೆ ಹೋಯಿತು, ಲೋಟಗಳು ಕಾಲಡಿ ಬಿದ್ದವು. ಜೀವಮಾನದಲ್ಲಿ ಅವಸರ ಮಾಡದ ಆ ಕುದುರೆ ಅವತ್ತು ಅವಸರದಿಂದ ಎರಡನ್ನೂ ತುಳಿಯಿತು. ಕಾಕಾ ಸೊಟ್ಟ ಲೋಟಗಳನ್ನು ಎತ್ತಿ ಒರೆಸಿ ನನ್ನ ಕೈಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲ ದೋಷಗಳನ್ನು ನಾನು ಹೇಗೋ ತಿದ್ದಿಕೊಂಡೆ. ತಿದ್ದಲಾಗದೆ ಉಳಿದದ್ದು ಒಂದೇ. ಎಡಗೈ ಕಾಣೆಯಾಗುವುದು.

ಎಲ್ಲ ಸರಿಯಾಗಿ ಹಿಡಿದು ಹೊರಟರೂ ಹತ್ತು ಹೆಜ್ಜೆಯೊಳಗೆ ನನ್ನ ಎಡಗೈ ಮೆಲ್ಲಗೆ ಕೆಳಗಿಳಿದು ತೊಡೆಗೆ ಒತ್ತಿಕೊಂಡು, ಇನ್ನೂ ಸಾಧ್ಯವಾದರೆ ತೊಡೆಯ ಕೆಳಗೆ ನುಸುಳಿ ಕೂತುಬಿಡುತ್ತಿತ್ತು. ನನಗೆ ಗೊತ್ತೇ ಆಗುತ್ತಿರಲಿಲ್ಲ. ಹಿಡಿತ ಜಾರಿ ಆ ಕಡೆಯ ಲಗಾಮು ಸತ್ತಂತೆ ಜೋಲುತ್ತಿತ್ತು. ಬಲಗೈ ಒಂದೇ ಎಲ್ಲ ಕೆಲಸ ಮಾಡುತ್ತಿತ್ತು. ಬಲಕ್ಕೆ ಹೋಗಬೇಕಾದರೆ ಬಲಗೈ ಜಗ್ಗುತ್ತಿತ್ತು, ಎಡಕ್ಕೆ ಹೋಗಬೇಕಾದರೂ ಅದೇ ಬಲಗೈ ಕುದುರೆಯ ಕುತ್ತಿಗೆ ದಾಟಿ ಎಡಕ್ಕೆ ಬಂದು ಜಗ್ಗುತ್ತಿತ್ತು.

'ಎಡಗೈ ಎಲ್ಲಿ ಹೋತ್ರಿ, ಅಕ್ಕೋರ?'

ಈ ಪ್ರಶ್ನೆಯನ್ನು ಕಾಕಾ ಒಂದು ಮುಂಜಾನೆಗೆ ನಲವತ್ತು ಸಲವಾದರೂ ಕೇಳಿರಬೇಕು. ಮೊದಲು ಸಮಾಧಾನದಿಂದ ಕೇಳುತ್ತಿದ್ದರು, ಆಮೇಲೆ ಸಿಟ್ಟಿನಿಂದ, ಕೊನೆಕೊನೆಗೆ ಕಳೆದ ಎಮ್ಮೆಯ ಬಗ್ಗೆ ವಿಚಾರಿಸುವವರ ದನಿಯಲ್ಲಿ. ನನಗೂ ತಾಳ್ಮೆ ಹೋಗಿತ್ತು. ಸ್ಟಾಫ್ ರೂಮಿನಲ್ಲಿ ಕೂತಾಗ, ಬಸ್ಸಿನಲ್ಲಿ ಕೂತಾಗ ನೋಡಿಕೊಂಡೆ. ಎಲ್ಲಿ ಕೂತರೂ ನನ್ನ ಎಡಗೈ ತೊಡೆಯ ಕೆಳಗೇ ಇರುತ್ತಿತ್ತು. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಡಿಮಿಡಿಯಾಯಿತು.

ಒಂದು ಮುಂಜಾನೆ ಜೀನು ಇಳಿಸಿದ ಮೇಲೆ ಕಾಕಾ ಬಿಜಲಿಯ ತುಟಿ ಎತ್ತಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಬಲಗಡೆಯ ಅಂಚು ಕೆಂಪಾಗಿತ್ತು. ಎಡಗಡೆ ಏನೂ ಆಗಿರಲಿಲ್ಲ. ಒಳಗಿನಿಂದ ತುಪ್ಪ ತರಿಸಿ ಬೆರಳಿನಿಂದ ಸವರುತ್ತ, 'ಬಸ್ ಬೇಟಾ, ಬಸ್' ಎಂದು ಅವಳಿಗೆ ಸಮಾಧಾನ ಹೇಳಿದರು. ನನಗೆ, 'ಒಂದ ಸಲ ಮುಗೀತ್ರಿ' ಎಂದಷ್ಟೇ ಹೇಳಿದರು. ನಾನು ಅವತ್ತು ಮಧ್ಯಾಹ್ನ ಊಟ ಬಿಟ್ಟೆ. ಮಾತು ಬಾರದ ಪ್ರಾಣಿ ಅಷ್ಟು ದಿನ ನೋವು ತಿಂದುಕೊಂಡು ನನ್ನನ್ನು ಹೊತ್ತು ತಿರುಗಿತ್ತು. ನಾಚಿಕೆಯಾಯಿತು.

ಮುಂದಿನ ಹದಿನೈದು ದಿನ ನಾನು ಕುದುರೆ ಹತ್ತುವಂತಿರಲಿಲ್ಲ. ಬೇವಿನ ಗಿಡದ ಕೆಳಗೆ ಒಂದು ಬಾಕು, ಅಂದರೆ ಮರದ ಬೆಂಚು, ಹಾಕಿ, ಟೊಂಗೆಗೆ ನೀರಿನ ಬಕೆಟ್ಟು ಕಟ್ಟಿ, ಅದಕ್ಕೆ ಲಗಾಮು ಕಟ್ಟಿ ನನ್ನ ಕೈಗೆ ಕೊಟ್ಟರು. ಬಾಕಿನ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು ಬಕೆಟ್ಟು ಅಲುಗದಂತೆ ಲಗಾಮು ಹಿಡಿಯಬೇಕು. ದಾರಿಯ ಮೇಲೆ ಹೋಗುವವರಿಗೆ ಅದೊಂದು ತಮಾಷೆಯಾಯಿತು. 'ಅಕ್ಕೋರ, ಬಾಕ ತಾಸಿಗೆ ಎಷ್ಟ ಮೈಲಿ ಓಡತೈತ್ರಿ?' ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಅದಕ್ಕೆ ಹುಲ್ಲು ಹಾಕಿದಿರಾ ಎಂದರು. ಅವರ ಕಡೆ ನೋಡಲು ನನಗೆ ಪುರುಸೊತ್ತಿರಲಿಲ್ಲ. ಯಾಕೆಂದರೆ ಬಾಕಿನ ಮೇಲೆ ಕೂತಾಗಲೂ ನನ್ನ ಎಡಗೈ ತೊಡೆಯ ಕೆಳಗೇ ಹೋಗುತ್ತಿತ್ತು.

ದಿನ ಕಳೆದಂತೆ ನನಗೆ ಧಾವಂತ ಹೆಚ್ಚಿತು. ಕಾಕಾ ನನಗೆ ಕಲಿಸುತ್ತಿದ್ದದ್ದು ಕಡಲೆ ಕಿತ್ತು ಖಾಲಿಯಾದ ಹೊಲದಲ್ಲಿ. ನಮ್ಮದು ಎರೆಭೂಮಿ. ಬಿಸಿಲು ಏರಿದರೆ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಆಮೇಲೆ ಅಲ್ಲಿ ಕುದುರೆಯನ್ನು ಬಿಡುವ ಹಾಗಿಲ್ಲ. ಹದಿನಾರನೆಯ ದಿನ ಬಾಯಿಯ ಗಾಯ ಪೂರ್ತಿ ಮಾಯ್ದದ್ದನ್ನು ನೋಡಿ ಕಾಕಾ ಮತ್ತೆ ಜೀನು ಕಟ್ಟಿದರು. ನನ್ನನ್ನು ಹತ್ತಿಸಿ, ಲಗಾಮಿನ ಎರಡೂ ಎಳೆಗಳನ್ನು ಕೂಡಿಸಿ, 'ಎಡಗೈಯಾಗ ಹಿಡೀರಿ. ಬಲಗೈ ಬೆನ್ನ ಹಿಂದ ಇಡ್ರಿ' ಅಂದರು.

'ಎಡಗೈಲೆ ನನಗೇನೂ ಬರೂದಿಲ್ರಿ ಕಾಕಾ. ಒಂದ ಗುಂಡಿ ಹಾಕಾಕೂ ಬರೂದಿಲ್ಲ.'

'ಹಿಡೀರಿ ಅಂದ್ರ ಹಿಡೀರಿ.'

ಹಿಡಿದೆ. ಹೇಗೆ ಹೇಳಲಿ ನಿಮಗೆ. ಎಡಗೈ ಹೆಬ್ಬೆರಳು ಮೇಲೆ ಮಾಡಿಕೊಂಡು ತನ್ನ ಜಾಗದಲ್ಲಿ ಕೂತಿತು, ಯಾರೂ ಹೇಳಬೇಕಾಗಲಿಲ್ಲ. ಬಿಜಲಿಯ ಬಾಯಿಯ ಚಿಕ್ಕ ಅಲುಗಾಟವೂ ಬೆರಳಿಗೆ ತಿಳಿಯುತ್ತಿತ್ತು. ಅವಳು ಕುತ್ತಿಗೆ ಇಳಿಸಿ, ಬಾಯಿ ಚಪ್ಪರಿಸುತ್ತ, ಹೊಲದ ಅರ್ಧ ಸುತ್ತು ನಡೆದಳು. ಎಡಕ್ಕೆ ಎಂದುಕೊಂಡರೆ ಎಡಕ್ಕೆ ತಿರುಗಿದಳು. ಜಗ್ಗಿದೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ.

ಕಾಕಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹತ್ತಿರ ಹೋದಾಗ ಸಾವಕಾಶವಾಗಿ, 'ಅಕ್ಕೋರ, ನೀವು ರೊಡ್ಡಿ ಅದೀರಿ' ಅಂದರು.

ಎಡಗೈ ರೂಢಿಯವರನ್ನು ನಮ್ಮ ಕಡೆ ರೊಡ್ಡ, ರೊಡ್ಡಿ ಅನ್ನುತ್ತಾರೆ. ಆ ಶಬ್ದವನ್ನು ನನ್ನ ಬಗ್ಗೆ ಕೇಳಿ ನಲವತ್ತಾರು ವರ್ಷವಾಗಿತ್ತು. ಸಿಟ್ಟು ಬಂತು. ನಾನು ಬಲಗೈಯಿಂದ ಬರೆಯುತ್ತೇನೆ, ಬಲಗೈಯಿಂದ ಉಣ್ಣುತ್ತೇನೆ, ಬಲಗೈಯಿಂದಲೇ ಪ್ರಸಾದ ತಗೊಳ್ಳುತ್ತೇನೆ ಎಂದು ಕುದುರೆಯ ಮೇಲಿನಿಂದಲೇ ವಾದ ಹೂಡಿದೆ. ಕಾಕಾ ಬಿಜಲಿಯ ಕುತ್ತಿಗೆ ತಟ್ಟುತ್ತ, 'ನನಗ ಹೇಳಬ್ಯಾಡ್ರಿ. ಇಕಿಗೆ ಹೇಳ್ರಿ' ಅಂದರು.

ಮನೆಗೆ ಬರುವ ದಾರಿಯಲ್ಲಿ ಒಂದೊಂದೇ ನೆನಪಾಯಿತು. ಊಟಕ್ಕೆ ಕೂತಾಗ ನನ್ನ ಎಡಗೈ ಗಂಗಾಳಕ್ಕೆ ಹೋಗುತ್ತಿತ್ತು. ಅವ್ವ ಹೊಡೆದವಳಲ್ಲ. 'ಗಿರಿಜಾ, ಕೈ' ಅನ್ನುತ್ತಿದ್ದಳು, ಅಷ್ಟೇ. ನಾನು ಆ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತು ಉಣ್ಣಬೇಕಿತ್ತು. ಕೈ ಜೋಮು ಹಿಡಿಯುತ್ತಿತ್ತು. ಊಟ ಮುಗಿಸಿ ತೆಗೆದರೆ ಚಾಪೆಯ ಗೆರೆಗಳೆಲ್ಲ ಅಂಗೈಯಲ್ಲಿ ಅಚ್ಚಾಗಿರುತ್ತಿದ್ದವು, ಅವನ್ನು ಎಣಿಸುವುದು ನನಗೆ ಆಟ. ಪಾಟಿಯ ಮೇಲೆ ಬರೆಯುವಾಗಲೂ ಹಾಗೇ. ಅಂಗಡಿಯಲ್ಲಿ ಎಡಗೈ ಚಾಚಿದರೆ ಪೆಪ್ಪರಮಿಂಟು ಸಿಗುತ್ತಿರಲಿಲ್ಲ. ಒಮ್ಮೆ ಅತ್ತೆಯೊಬ್ಬಳು ಬಂದಾಗ, 'ಹುಡುಗಿ ರೊಡ್ಡಿ ಐತಲ್ಲ ಬೇ' ಅಂದದ್ದಕ್ಕೆ ಅವ್ವ ಅವಳ ಜೊತೆ ಒಂದು ವರ್ಷ ಮಾತಾಡಲಿಲ್ಲ. ಆ ಶಬ್ದ ನಮ್ಮ ಮನೆಯಿಂದ ಹಾಗೆ ಹೊರಬಿತ್ತು. ಎಡಗೈಯೂ ಎಲ್ಲೋ ಹೋಯಿತು. ಆಮೇಲೆ ನಾನು ಎರಡನ್ನೂ ಮರೆತೆ.

ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಹೋದವಳೇ ಕೇಳಿದೆ.

'ಅವ್ವಾ, ನಾ ಸಣ್ಣಾಕಿ ಇದ್ದಾಗ ರೊಡ್ಡಿ ಇದ್ನೇನು?'

'ಸಣ್ಣವರಿದ್ದಾಗ ಎಲ್ಲಾರೂ ಏನೇನರ ಇರತಾರ.'

'ಕೈಮ್ಯಾಲೆ ಕೂಡ ಅಂತಿದ್ದಿ.'

'ಚಲೋ ಆಗಲೆಂತ ಅಂತಿದ್ದೆ. ಆಗಿಲ್ಲೇನು? ಸರಕಾರಿ ನೌಕರಿ ಹಿಡದಿ.'

'ಆ ಕೈ ಸಲುವಾಗಿ ಕುದುರಿ ಬಾಯಿ ಕೆಂಪಾತು.'

'ಕುದುರಿ ಹತ್ತಂತ ನಾ ಹೇಳಿದ್ನೇನು?'

ಎಪ್ಪತ್ತೆಂಟು ವರ್ಷದ ಅವ್ವಂದಿರ ಜೊತೆ ವಾದ ಮಾಡುವುದಕ್ಕಿಂತ ಬಕೆಟ್ಟಿಗೆ ಲಗಾಮು ಕಟ್ಟಿ ಕೂರುವುದು ಲೇಸು. ಎರಡು ದಿನ ನಾನು ಮಾತು ಬಿಟ್ಟೆ. ಅವಳು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ, 'ರವಿವಾರ ನಾನೂ ಬರತೀನಿ. ಆ ಕುದುರಿ ನೋಡೂಣು' ಎಂದಳು.

ಆ ರವಿವಾರವೇ ಕಾಕಾ ನನ್ನ ಪರೀಕ್ಷೆ ಇಟ್ಟಿದ್ದರು. ಹೊಲದಲ್ಲಿ ಆಗಲೇ ಸಣ್ಣ ಸಣ್ಣ ಬಿರುಕು ಕಾಣಿಸಿಕೊಂಡಿದ್ದವು. 'ಇವತ್ತ ಎರಡೂ ಕೈಲೆ ಹಿಡದು ಪೂರಾ ಒಂದ ಸುತ್ತ ಹಾಕ್ಕೊಂಡ ಬರ್ರಿ. ಬಂದ ಮ್ಯಾಲೆ ಬಾಯಿ ನೋಡತೀನಿ. ಕೆಂಪಿದ್ರ ಇಲ್ಲಿಗೆ ಮುಗಸೂಣು' ಎಂದರು. ಆಟೋದಿಂದ ಇಳಿದ ಅವ್ವನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಟ್ಟರು. ಅವಳು ಸೆರಗು ಹೊದ್ದು ಕೂತಳು. ಸೆರಗಿನ ತುದಿಗೆ ಏನೋ ಗಂಟು ಕಟ್ಟಿಕೊಂಡು ಬಂದಿದ್ದಳು.

ಹೊರಟೆ. ಎಡಗೈ ಮುಂದೆ, ಬಲಗೈ ಅದರ ಜೊತೆಗೆ. ಬಲಗೈಗೆ ನಾನು, ನೀನು ಸುಮ್ಮನೆ ಎಡಗೈ ಮಾಡಿದಂತೆ ಮಾಡು ಎಂದು ಮನಸ್ಸಿನಲ್ಲೇ ಬುದ್ಧಿ ಹೇಳುತ್ತಿದ್ದೆ. ಹೊಲದ ಆಚೆ ಮೂಲೆಯ ತನಕ ಯಾವ ತಪ್ಪೂ ಆಗಲಿಲ್ಲ. ಬದುವಿನ ಹತ್ತಿರ ಎಡಕ್ಕೆ ತಿರುಗಬೇಕಿತ್ತು, ಬಿಜಲಿ ನೀರು ಹರಿದಂತೆ ತಿರುಗಿದಳು. ಎಷ್ಟು ಸಂತೋಷವಾಯಿತು ನನಗೆ! ಇಷ್ಟು ವಯಸ್ಸಿಗೆ ನನಗೆ ನನ್ನದೇ ಒಂದು ಕೈ ಹೊಸದಾಗಿ ಸಿಕ್ಕಿತ್ತು. ಇನ್ನು ನಲವತ್ತು ಹೆಜ್ಜೆ ಉಳಿದಿತ್ತು. ಕುರ್ಚಿಯ ಎದುರಿಗೆ ಬಂದೆ.

'ಗಿರಿಜಾ, ಕೈ.'

ಅವ್ವ ಅಂದದ್ದು ಇಷ್ಟೇ. ಬೇಕೆಂದು ಅಂದದ್ದಲ್ಲ, ನನ್ನ ಎಡಗೈ ಮುಂದೆ ಬಂದದ್ದು ಕಂಡು ಅವಳ ಬಾಯಿಂದ ತಾನಾಗಿ ಬಂತು. ನನ್ನ ಕೈಯೂ ತಾನಾಗಿ ಹೋಯಿತು. ಲಗಾಮು ಸಮೇತ ತೊಡೆಯ ಕೆಳಗೆ ನುಗ್ಗಿತು. ಬಿಜಲಿಯ ಬಾಯಿ ಜಗ್ಗಿತು. ಅವಳು ತಲೆ ಮೇಲೆತ್ತಿ ಒದರಿ ನಿಂತುಬಿಟ್ಟಳು.

ಕಾಕಾ ಓಡಿಬಂದು ಅವಳ ಮೂಗಿನ ಮೇಲೆ ಕೈಯಿಟ್ಟರು. ನನ್ನ ಕಡೆ ನೋಡದೆ, 'ಇಳೀರಿ' ಅಂದರು.

ಇಳಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಕಾಕಾ ಬಿಜಲಿಯ ತುಟಿ ಎತ್ತಿ ನೋಡತೊಡಗಿದರು. ನಾನು ನೆಟ್ಟಗೆ ಅವ್ವನ ಮುಂದೆ ಹೋಗಿ ನಿಂತೆ. ಶಾಲೆಯಲ್ಲೂ ನಾನು ಅಷ್ಟು ದೊಡ್ಡ ದನಿ ತೆಗೆದಿಲ್ಲ. 'ನನ್ನ ಕೈ ನನಗ ಯಾಕ ಬಿಟ್ಟಿಲ್ಲ ನೀ? ನಾ ಏನ್ ತಪ್ಪ ಮಾಡಿದ್ದೆ? ಆರ ವರ್ಷದ ಕೂಸು ಉಣ್ಣಾಕ ಕೂತಿದ್ದೆ' ಎಂದೆ. ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಒರೆಸಿಕೊಳ್ಳಲು ಯಾವ ಕೈ ಎತ್ತಬೇಕು ಎಂಬುದೂ ತಿಳಿಯದೆ ಹಾಗೇ ನಿಂತೆ.

ಅವ್ವ ಎದ್ದಳು. ನನ್ನನ್ನು ದಾಟಿಕೊಂಡು ಹೋಗಿ ಬಿಜಲಿಯ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದಳು. ಬೆಲ್ಲದ ಹೆಂಟೆ ಇತ್ತು. ಅದನ್ನು ಅಂಗೈಯಲ್ಲಿಟ್ಟು ಚಾಚಿದಳು. ಎಡ ಅಂಗೈ. ಅವಳು ಆ ಕೈಯಿಂದ ಯಾರಿಗೂ ಏನನ್ನೂ ಕೊಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಿಜಲಿ ಮೂಸಿ ನೋಡಿ, ಮೆಲ್ಲಗೆ ತುಟಿಯಿಂದ ಎತ್ತಿಕೊಂಡಳು.

ಕಾಕಾ ತಡೆಯಲಾರದೆ ಕೇಳಿದರು. 'ಯವ್ವಾ, ನೀವೂ ರೊಡ್ಡಿ ಏನ್ರಿ?'

ಅವ್ವ ಕೈ ಮಗುಚಿ ತೋರಿಸಿದಳು. ಹಿಂಗೈ ಮೇಲೆ ಹೆಬ್ಬೆರಳಿನಷ್ಟು ಉದ್ದದ ಸುಟ್ಟ ಕಲೆ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ರೊಟ್ಟಿಯ ಹಂಚು ತಾಗಿದ್ದು ಎಂದು ನಾನೇ ಅಂದುಕೊಂಡಿದ್ದೆ. ಅವಳು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ.

'ನಮ್ಮವ್ವ ಸವಟ ಕಾಸಿ ಇಟ್ಟಿದ್ಲು' ಎಂದಳು. ಮಾತು ಕಾಕಾ ಅವರಿಗಿತ್ತು, ನೋಟ ಕುದುರೆಯ ಮೇಲಿತ್ತು. 'ನನಗ ಬರಿ ಬಿತ್ರಿ. ಇಕಿಗೆ ನಾ ಬರೇ ಕೈಮ್ಯಾಲೆ ಕೂಡ ಅಂದೆ. ನನ್ನ ಕೈಲೆ ಅಷ್ಟ ಆತು.'

ನನ್ನ ಸಿಟ್ಟು ಇನ್ನೂ ಹಾಗೇ ಇತ್ತು, ಆದರೆ ಅದನ್ನು ಯಾರ ಮೇಲೆ ಇಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಎದುರುಬದುರು ಕೂತು ಉಂಡಿದ್ದೆವು. ಎರಡು ಎಡಗೈಗಳು ಪರಸ್ಪರ ಗುರುತು ಹಿಡಿದಿರಲಿಲ್ಲ.

ಕಾಕಾ ಬಿಜಲಿಯ ತುಟಿಯನ್ನು ಇನ್ನೊಮ್ಮೆ ಎತ್ತಿ ನೋಡಿ ಕೈ ಒರೆಸಿಕೊಂಡರು. 'ಕೆಂಪಿಲ್ರಿ ಅಕ್ಕೋರ. ಹತ್ರಿ. ಇನ್ನೊಂದ ಸುತ್ತ ಹೋಗಿ ಬರ್ರಿ.'

'ಹೋಗು' ಎಂದಳು ಅವ್ವ. 'ನಾ ಏನೂ ಅನ್ನೂದಿಲ್ಲ.'

ಮತ್ತೆ ಹತ್ತಿದೆ. ಆಚೆ ಮೂಲೆಗೆ ಹೋಗುವ ತನಕ ಮುಂದೆಯೇ ನೋಡಿದೆ. ಬದುವಿನ ಹತ್ತಿರ ತಿರುಗುವಾಗ ಮನಸ್ಸು ತಡೆಯದೆ ಕುರ್ಚಿಯ ಕಡೆ ಕಣ್ಣು ಹಾಯಿಸಿದೆ. ಅವ್ವ ಮಾತು ಕೊಟ್ಟಂತೆ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಎರಡೂ ಕೈ ಮುಂದೆ ಚಾಚಿ, ಮುಷ್ಟಿ ಕಟ್ಟಿ, ಇಲ್ಲದ ಲಗಾಮನ್ನು ಹಿಡಿದುಕೊಂಡಿದ್ದಳು. ನಾನು ತಿರುಗಿದ ಕಡೆಗೆಲ್ಲ ಅವಳ ಎಡಗೈ ಮೊದಲು ತಿರುಗುತ್ತಿತ್ತು.